ಟಾವಿಗೆ ಮುಂಚಿನ ಕಾಲಿನ ನಾಳದ ಅಳತೆ: ರಿಪೋರ್ಟ್ 5.1 ಅನ್ನುತ್ತೆ, ವರ್ಕ್‌ಸ್ಟೇಷನ್ 5.9 ಅನ್ನುತ್ತೆ

ಕ್ಯಾಥ್‌ಲ್ಯಾಬ್‌ಕನ್ನಡಿಗ (ಬೆಂಗಳೂರು) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ರೇಡಿಯಾಲಜಿ, ಕಾರ್ಡಿಯಾಲಜಿ, ವ್ಯಾಸ್ಕ್ಯುಲರ್ ಕಡೆಯವರು ಒಮ್ಮೆ ನೋಡಿ ಹೇಳಿ.

79 ವರ್ಷದ ಮಹಿಳೆ, ತೂಕ 48 ಕೆ.ಜಿ., ತೀವ್ರ ಅಯೋರ್ಟಿಕ್ ಸ್ಟೆನೋಸಿಸ್ (ಹೃದಯದ ಅಯೋರ್ಟಿಕ್ ಕವಾಟ ಕಿರಿದಾಗಿರೋದು). ತೊಡೆಯ ಮೂಲಕ ಟಾವಿ (ಎದೆ ತೆರೆಯದೆ ರಕ್ತನಾಳದ ಮೂಲಕ ಹೊಸ ಕವಾಟ ಕೂರಿಸೋದು) ಮಾಡುವ ಯೋಚನೆ. ಕವಾಟದ ಉಂಗುರದ ಅಳತೆಗೆ 23 ಮಿ.ಮೀ. ಬಲೂನ್ ಕವಾಟ ಅಥವಾ 26ರ ಸೆಲ್ಫ್ ಎಕ್ಸ್‌ಪ್ಯಾಂಡಿಂಗ್, ಎರಡೂ ಕೂರುತ್ತೆ. ಸಿ.ಟಿ. ಹೊರಗಿನ ಸ್ಕ್ಯಾನ್ ಸೆಂಟರ್‌ನಲ್ಲಿ ಆಗಿದೆ, ಕೈಗೆ ಬಂದಿರೋದು ಸಿ.ಡಿ. ಮಾತ್ರ.

ರಿಪೋರ್ಟ್ ಪ್ರಕಾರ ಬಲಗಡೆ ಎಕ್ಸ್‌ಟರ್ನಲ್ ಇಲಿಯಾಕ್‌ನ (ಹೊಟ್ಟೆಯಿಂದ ತೊಡೆಗೆ ಇಳಿಯುವ ನಾಳ) ಅತಿ ಕಿರಿದಾದ ಜಾಗ 5.1 ಮಿ.ಮೀ., "ಮಧ್ಯಮ ಪ್ರಮಾಣದ ಕ್ಯಾಲ್ಸಿಯಂ". ಅದೇ ಜಾಗಕ್ಕೆ ನಮ್ಮ ವರ್ಕ್‌ಸ್ಟೇಷನ್‌ನ ಆಟೋ ಅಳತೆ 5.9 ಕೊಡುತ್ತೆ. ಎಡಗಡೆ ಕನಿಷ್ಠ 5.6, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ, ಆದರೆ ಇಲಿಯಾಕ್ ಚೆನ್ನಾಗಿ ತಿರುಚಿಕೊಂಡಿದೆ. ಕಾಮನ್ ಫೆಮೊರಲ್ (ತೊಡೆಸಂದಿನ ನಾಳ) ಬಲ 6.4, ಎಡ 6.3. ಕ್ರಿಯಾಟಿನಿನ್ 1.6 ಇದೆ, ಕಿಡ್ನಿ ಸೊರಗಿದೆ, ಹಾಗಾಗಿ ಇನ್ನೊಂದು ಸಲ ಕಾಂಟ್ರಾಸ್ಟ್ (ಡೈ) ಕೊಡೋಕೆ ಯಾರಿಗೂ ಮನಸ್ಸಿಲ್ಲ.

ಕೇಳಬೇಕಾಗಿರೋದು ಇಷ್ಟು. 5.1 ಸರಿಯೋ, 5.9 ಸರಿಯೋ? 14 ಫ್ರೆಂಚ್ (ಗಾತ್ರದ ಅಳತೆ) ಶೀತ್, ಅಂದ್ರೆ ಕವಾಟ ಒಳಗೆ ಸಾಗಿಸುವ ಕೊಳವೆ, ಬಲಗಡೆ ಹೋಗುತ್ತಾ? ಮತ್ತೆ ಡೈ ಕೊಡದೆ ಇದನ್ನ ಖಚಿತ ಮಾಡಿಕೊಳ್ಳೋದು ಹೇಗೆ? ಬೇರೆ ಕಡೆ 0.8 ಮಿ.ಮೀ. ಅಂದ್ರೆ ಉಗುರಿನ ದಪ್ಪ. ಇಲ್ಲಿ ಅದೇ ಹೌದು, ಅಲ್ಲ ಅನ್ನೋದನ್ನ ತೀರ್ಮಾನ ಮಾಡ್ತಿದೆ.

ಬೂದುಛಾಯೆ (ರೇಡಿಯಾಲಜಿ) ಉತ್ತರ

ಎರಡೂ ಸರಿ ಇರುವ ಸಾಧ್ಯತೆ ಹೆಚ್ಚು. ರಿಪೋರ್ಟ್ ಬರೆದವರು ಕನಿಷ್ಠ ವ್ಯಾಸ ಕೊಟ್ಟಿದ್ದಾರೆ. ನಿಮ್ಮ ಸಾಫ್ಟ್‌ವೇರ್ ಹೆಚ್ಚಾಗಿ ಒಳಜಾಗದ ವಿಸ್ತೀರ್ಣ ಅಳೆದು, ಅದಕ್ಕೆ ಸಮನಾದ ವೃತ್ತದ ವ್ಯಾಸ ಎಷ್ಟೆಂದು ಲೆಕ್ಕ ಹಾಕಿ ಕೊಟ್ಟಿದೆ. ನಾಳ ದುಂಡಗಿದ್ದರೆ ಎರಡೂ ಒಂದೇ. ಚಪ್ಪಟೆಯಾಗಿದ್ದರೆ ಬೇರೆಯಾಗುತ್ತವೆ. ಆ ಜಾಗದಲ್ಲಿ ಉದ್ದನೆಯ ವ್ಯಾಸ ಎಷ್ಟಿದೆ ನೋಡಿ ಹೇಳಿ. 6.8ರ ಹತ್ತಿರ ಇದ್ದರೆ ಒಗಟು ಬಿಡಿಸಿದ ಹಾಗೆ: 5.1 ಗುಣಿಸು 6.8 ಅಂದರೆ 34.7, ಅದರ ವರ್ಗಮೂಲ 5.9.

ಆದರೆ ಈ ಲೆಕ್ಕವನ್ನು ನಂಬುವ ಮುಂಚೆ ಅಳತೆ ತೆಗೆದ ರೀತಿಯೇ ಸರಿ ಇದೆಯೇ ನೋಡಬೇಕು. ಮೊದಲು ಸಿ.ಡಿ.ಯಲ್ಲಿ ಯಾವ ಸೀರೀಸ್ (ಚಿತ್ರಗಳ ಸರಣಿ) ಇದೆ ನೋಡಿ. ಎಷ್ಟೋ ಸಲ ಫಿಲ್ಮ್‌ಗೆಂದು ಮಾಡಿದ 5 ಮಿ.ಮೀ. ಸ್ಲೈಸ್ ಮಾತ್ರ ಸಿ.ಡಿ.ಗೆ ಬರೆದು ಕೊಟ್ಟಿರುತ್ತಾರೆ. ಅದರಲ್ಲಿ 5 ಮಿ.ಮೀ. ನಾಳ ಅಳೆಯುವುದೆಂದರೆ ಮೊಳ ಹಿಡಿದು ಸೂಜಿ ಅಳೆದ ಹಾಗೆ. 1 ಮಿ.ಮೀ. ಅಥವಾ ಅದಕ್ಕಿಂತ ತೆಳು ಬೇಕೇ ಬೇಕು. ಸ್ಕ್ಯಾನ್ ಸೆಂಟರ್‌ನ ಸರ್ವರ್‌ನಲ್ಲಿ ತೆಳು ಸೀರೀಸ್ ಸ್ವಲ್ಪ ದಿನ ಉಳಿದಿರುತ್ತದೆ, ಆಮೇಲೆ ಅಳಿಸಿಹೋಗುತ್ತದೆ. ಇವತ್ತೇ ಫೋನ್ ಮಾಡಿ ಡೈಕಾಂ (ಸ್ಕ್ಯಾನ್‌ನ ಮೂಲ ಡಿಜಿಟಲ್ ಫೈಲ್) ರೂಪದಲ್ಲಿ ಕೇಳಿ.

ತೆಳು ಸೀರೀಸ್ ಸಿಕ್ಕ ಮೇಲೆ, ಅಡ್ಡ ಸ್ಲೈಸ್‌ನಲ್ಲೇ ಕ್ಯಾಲಿಪರ್ ಇಡಬೇಡಿ. ಎಕ್ಸ್‌ಟರ್ನಲ್ ಇಲಿಯಾಕ್ ಹಿಂದಿನಿಂದ ಮುಂದಕ್ಕೆ, ಒಳಗಿನಿಂದ ಹೊರಕ್ಕೆ ಓರೆಯಾಗಿ ಇಳಿಯುತ್ತದೆ. ಓರೆಯಾದ ಸೌತೆಕಾಯಿಯನ್ನು ನೇರವಾಗಿ ಕೊಯ್ದರೆ ಬಿಲ್ಲೆ ಉದ್ದವಾಗಿ ಕಾಣುತ್ತದಲ್ಲ, ಹಾಗೆ ದುಂಡಗಿನ ನಾಳವೂ ಚಪ್ಪಟೆ ಎನಿಸುತ್ತದೆ. ನಾಳದ ನಡುಗೆರೆ ಹಾಕಿ, ಅದಕ್ಕೆ ಲಂಬವಾದ ಛೇದದಲ್ಲಿ ಅಳೆಯಬೇಕು. ಆಟೋ ನಡುಗೆರೆಯನ್ನು ಕುರುಡಾಗಿ ನಂಬಬೇಡಿ. ಸುಣ್ಣ (ಕ್ಯಾಲ್ಸಿಯಂ) ಕಟ್ಟಿದ ಕಡೆ ಅದು ಗೋಡೆಗೆ ಅಂಟಿಕೊಂಡು ಓಡುತ್ತದೆ, ತಿರುವಿನಲ್ಲಿ ಒಳಮೂಲೆ ಕತ್ತರಿಸುತ್ತದೆ. ಎಳೆದು ನೇರ ಮಾಡಿದ ಚಿತ್ರದಲ್ಲಿ ಎಲ್ಲಿ ಕಿರಿದು ಎಂದು ಹುಡುಕಿ, ಅಳತೆಯನ್ನು ಲಂಬ ಛೇದದಲ್ಲಿ ಕೈಯಾರೆ ತೆಗೆಯಿರಿ.

ಇನ್ನು ವಿಂಡೋ, ಅಂದರೆ ಪರದೆಯ ಕಪ್ಪು-ಬಿಳುಪಿನ ಹೊಂದಾಣಿಕೆ. ಸಾಮಾನ್ಯ ಆಂಜಿಯೋ ವಿಂಡೋದಲ್ಲಿ ಕ್ಯಾಲ್ಸಿಯಂ ಅರಳಿದಂತೆ ಕಾಣುತ್ತದೆ. ನಿಜವಾಗಿ 1 ಮಿ.ಮೀ. ದಪ್ಪದ ಚಕ್ಕೆ ಪರದೆಯ ಮೇಲೆ ಎರಡರಷ್ಟಾಗಿ ಒಳಜಾಗವನ್ನು ತಿಂದುಬಿಡುತ್ತದೆ. ವಿಂಡೋ ಅಗಲ 1200ರಿಂದ 1500, ಲೆವೆಲ್ 300–400ಕ್ಕೆ ತನ್ನಿ. ಚಕ್ಕೆ ಮತ್ತು ಡೈ ನಡುವಿನ ಗೆರೆ ಎದ್ದು ಕಾಣುತ್ತದೆ. ಮೂಳೆಗೆ ಬಳಸುವ ಚೂಪು ಕರ್ನೆಲ್ (ಚಿತ್ರ ರೂಪಿಸುವ ಫಿಲ್ಟರ್) ಬೇಡ, ಗದ್ದಲ ಹೆಚ್ಚು. ಮಧ್ಯಮ ಚೂಪಿನ ರಕ್ತನಾಳದ ಕರ್ನೆಲ್ ಸಾಕು. ಆಟೋ ಗಡಿಗೆರೆಗೆ ಇದಕ್ಕೆ ತದ್ವಿರುದ್ಧ ಚಾಳಿಯೂ ಇದೆ: ಬಿಳಿ ಕಂಡದ್ದೆಲ್ಲ ಡೈ ಎಂದುಕೊಂಡು ಚಕ್ಕೆಯನ್ನೂ ಒಳಜಾಗಕ್ಕೆ ಸೇರಿಸುತ್ತದೆ. ನಿಮ್ಮ 5.9ರಲ್ಲಿ ಅದಾಗಿದೆಯೇ ನೋಡಿ. ಗಡಿಗೆರೆ ಚಕ್ಕೆಯ ಹೊರಗಿದ್ದರೆ ಆ ಅಂಕಿಯನ್ನು ಕಸಕ್ಕೆ ಹಾಕಿ.

ಬಹಳ ಜನ ಮರೆಯುವ ಮಾತೊಂದಿದೆ. ತೀವ್ರ ಸ್ಟೆನೋಸಿಸ್ ಜೊತೆ ಹೃದಯದ ಪಂಪಿಂಗ್ ಕಡಿಮೆ ಇದ್ದರೆ ಡೈ ಕಾಲಿಗೆ ತಡವಾಗಿ ತಲುಪುತ್ತದೆ. ಸ್ಕ್ಯಾನರ್‌ನ ಟೇಬಲ್ ಮುಂದೆ ಓಡಿರುತ್ತದೆ, ಡೈ ಹಿಂದೆ ಉಳಿದಿರುತ್ತದೆ. ಆಗ ಫೆಮೊರಲ್ ಮಂಕಾಗಿ, ಸಣ್ಣದಾಗಿ ಕಾಣುತ್ತದೆ. ಫೆಮೊರಲ್ ಒಳಗೆ ಒಂದು ವೃತ್ತ ಹಾಕಿ ಸಾಂದ್ರತೆ ಓದಿ. 200–250 ಹೌನ್ಸ್‌ಫೀಲ್ಡ್‌ಗಿಂತ (ಸಿ.ಟಿ. ಸಾಂದ್ರತೆಯ ಮಾನ) ಕಡಿಮೆ ಇದ್ದರೆ ಕಡಿಮೆ ಬಂದ ವ್ಯಾಸವನ್ನು ಅನುಮಾನದಿಂದಲೇ ನೋಡಿ.

ಕೊನೆಗೆ, ಬರೀ "ಮಧ್ಯಮ ಕ್ಯಾಲ್ಸಿಯಂ" ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಗಡಿಯಾರದ ಮುಖ ಎಂದುಕೊಂಡು ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಎಷ್ಟು ಮಿ.ಮೀ. ಉದ್ದ, ಮುಂದಿನ ಗೋಡೆಯೋ ಹಿಂದಿನದೋ, ಇಷ್ಟು ಹೇಳಿ. ಆಮೇಲೆ 5.1ಕ್ಕೆ ಅರ್ಥ ಬರುತ್ತದೆ.

ಕ್ಯಾಥ್‌ಲ್ಯಾಬ್‌ಕನ್ನಡಿಗ

ತುಂಬಾ ಥ್ಯಾಂಕ್ಸ್. ತೆಳು ಸೀರೀಸ್ ಸಿಕ್ತು, 0.75 ಮಿ.ಮೀ. ಕೈಯಾರೆ ಅಳೆದರೆ 5.1 × 6.8, ನೀವು ಹೇಳಿದ್ದೇ ಅಂಕಿ! ಗಡಿಗೆರೆ ಚಕ್ಕೆಯ ಒಳಗೇ ಇದೆ. ಚಕ್ಕೆ ಹಿಂದಿನ ಗೋಡೆಯಲ್ಲಿ, ನಾಲ್ಕು ಗಂಟೆಯಿಂದ ಏಳೂವರೆವರೆಗೆ, ಉದ್ದ ಸುಮಾರು 12 ಮಿ.ಮೀ. ಫೆಮೊರಲ್‌ನಲ್ಲಿ ಸಾಂದ್ರತೆ 310. ಹಾಗಾದ್ರೆ ಶೀತ್ ವಿಷಯದಲ್ಲಿ 5.1 ಹಿಡಿಯೋದಾ, 5.9 ಹಿಡಿಯೋದಾ?

ಬಲೂನು_ಕವಾಟ (ಇಂಟರ್‌ವೆನ್ಷನಲ್ ಕಾರ್ಡಿಯಾಲಜಿ) ಉತ್ತರ

ಮೊದಲು ಫ್ರೆಂಚ್ ಗೊಂದಲ ಬಿಡಿಸೋಣ, ಯಾಕಂದ್ರೆ ಅರ್ಧ ತಪ್ಪು ಅಲ್ಲೇ ಹುಟ್ಟುತ್ತೆ. ಎಸ್‌ಜೆಪಿ ರೋಡಿನಲ್ಲಿ ಪೈಪ್ ಕೇಳಿದರೆ ಒಳವ್ಯಾಸವೋ ಹೊರವ್ಯಾಸವೋ ಅಂತ ಅಂಗಡಿಯವರು ಕೇಳ್ತಾರೆ. ಶೀತ್ ಪ್ಯಾಕೆಟ್ ಮೇಲೆ ಬರೆದಿರೋದು ಒಳವ್ಯಾಸ. 1 ಫ್ರೆಂಚ್ ಅಂದ್ರೆ ಮಿ.ಮೀ.ನ ಮೂರನೇ ಒಂದು ಭಾಗ, ಹಾಗಾಗಿ 14 ಫ್ರೆಂಚ್ ಅಂದ್ರೆ ಒಳಗೆ 4.7 ಮಿ.ಮೀ. ನಾಳಕ್ಕೆ ತಾಗೋದು ಹೊರಮೈ. ಸೇಪಿಯನ್ 3 (ಬಲೂನ್ ಕವಾಟ) ಜೊತೆ ಬರುವ, ಹಿಗ್ಗಬಲ್ಲ 14 ಫ್ರೆಂಚ್ ಇ-ಶೀತ್ ಹಿಗ್ಗದೆ ಇದ್ದಾಗಲೇ ಹೊರಗೆ ಸುಮಾರು 6 ಮಿ.ಮೀ. ಕವಾಟ ಒಳಗೆ ಹಾದುಹೋಗುವ ಕ್ಷಣದಲ್ಲಿ ಆ ಜಾಗ ಮಾತ್ರ 7 ಮಿ.ಮೀ. ಮೀರಿ ಹಿಗ್ಗುತ್ತೆ, ಆಮೇಲೆ ಕುಗ್ಗುತ್ತೆ.

ಕಂಪನಿಗಳು ಹೇಳುವ ಕನಿಷ್ಠ ವ್ಯಾಸ: ಸೇಪಿಯನ್ 3ರ 20, 23, 26ಕ್ಕೆ 5.5, 29ಕ್ಕೆ 16 ಫ್ರೆಂಚ್ ಬೇಕು, ಆದ್ದರಿಂದ 6.0. ಸೆಲ್ಫ್ ಎಕ್ಸ್‌ಪ್ಯಾಂಡಿಂಗ್ (ತಾನೇ ಅರಳುವ) ಕವಾಟಗಳಾದ ಇವೋಲ್ಯೂಟ್ ಆರ್ ಮತ್ತು ಪ್ರೋ ಪ್ಲಸ್‌ನ 23, 26, 29ಕ್ಕೆ 5.0. ದೊಡ್ಡ 34ಕ್ಕೆ ಆರ್‌ನಲ್ಲಿ 5.5, ಪ್ರೋ ಪ್ಲಸ್‌ನಲ್ಲಿ 6.0. ಇವೋಲ್ಯೂಟ್‌ನ "14 ಫ್ರೆಂಚ್‌ಗೆ ಸಮ" ಅನ್ನೋ ಮಾತು ಅದರ ಜೊತೆಗೇ ಬರುವ ಇನ್‌ಲೈನ್ ಶೀತ್‌ದು. ಅದರ ಹೊರವ್ಯಾಸವೂ 6 ಮಿ.ಮೀ. ಆಸುಪಾಸೇ, ಅಂದ್ರೆ 18 ಫ್ರೆಂಚ್. ಇದರ ಮೇಲೆ ಬೇರೆ ದೊಡ್ಡ ಶೀತ್ ಹಾಕ್ತೀನಿ ಅಂದರೆ 5.0 ಅನ್ನೋ ಲೆಕ್ಕ ಅಲ್ಲಿಗೇ ಮುಗೀತು. ವಾಪಿಯ ಮೆರಿಲ್ ಕಂಪನಿಯ ಮೈವಾಲ್ ಕವಾಟಕ್ಕೂ 14 ಫ್ರೆಂಚ್ ಹಿಗ್ಗುವ ಶೀತ್ ಇದೆ. ಅದರ ಗಾತ್ರಗಳು ಒಂದೂವರೆ ಮಿ.ಮೀ. ಅಂತರದಲ್ಲಿ ಬರ್ತವೆ, ಆಯಾ ಗಾತ್ರದ ಕೈಪಿಡಿ ನೋಡಿಯೇ ಆರಿಸಿ. 2002ರಲ್ಲಿ ಫ್ರಾನ್ಸಿನ ರೂಆನ್‌ನಲ್ಲಿ ಅಲೆಂ ಕ್ರಿಬಿಯೇ ಮೊದಲ ಟಾವಿ ಮಾಡಿದ ಕಾಲದಲ್ಲಿ ಬೇಕಾಗಿದ್ದ 22–24 ಫ್ರೆಂಚ್ ಶೀತ್‌ಗಳಿಗೆ ಹೋಲಿಸಿದರೆ ಇವೆಲ್ಲ ಹುಲ್ಲುಕಡ್ಡಿ. ಆದರೂ 48 ಕೆ.ಜಿ. ಹೆಂಗಸರಲ್ಲಿ ಹುಲ್ಲುಕಡ್ಡಿಯೂ ಸಿಕ್ಕಿಹಾಕಿಕೊಳ್ಳುತ್ತೆ.

ಈಗ ಅನುಪಾತ. ಶೀತ್‌ನ ಹೊರವ್ಯಾಸವನ್ನ ನಾಳದ ಕನಿಷ್ಠ ವ್ಯಾಸದಿಂದ ಭಾಗಿಸಿ. 2011ರಲ್ಲಿ ಹಯಾಶಿದಾ ಮತ್ತು ಜೊತೆಗಾರರು ಫೆಮೊರಲ್‌ಗೆ ಕೊಟ್ಟ ಗಡಿ 1.05. ಅದು ಮೀರಿದರೆ ನಾಳಕ್ಕೆ ಪೆಟ್ಟು ಬೀಳುವ ಸಂಭವ ಏರುತ್ತೆ. ಕ್ಯಾಲ್ಸಿಯಂ ಇದ್ದರೆ ಗಡಿ 1.00ಕ್ಕೆ ಇಳಿಯುತ್ತೆ, ಇಲ್ಲದಿದ್ದರೆ 1.10ರವರೆಗೆ ತಡೆಯುತ್ತೆ. ಅದು ಹಿಗ್ಗದ ದೊಡ್ಡ ಶೀತ್‌ಗಳ ಕಾಲದ ಅಧ್ಯಯನ ಅನ್ನೋದು ನೆನಪಿರಲಿ, ಆದರೂ ದಾರಿದೀಪವಾಗಿ ಇವತ್ತಿಗೂ ಕೆಲಸಕ್ಕೆ ಬರುತ್ತೆ. ನಿಮ್ಮ ಬಲಗಡೆ 5.1 ಹಿಡಿದರೆ 1.18, 5.9 ಹಿಡಿದರೆ 1.02. ಎಡಗಡೆ 6.0 ಭಾಗಿಸು 5.6, ಅಂದ್ರೆ 1.07, ಅದೂ ಸುಣ್ಣವಿಲ್ಲದ ನಾಳದಲ್ಲಿ.

5.1 ಅಥವಾ 5.9, ಯಾವುದು ಅಂದ್ರೆ ಗೋಡೆ ಬಾಗುತ್ತಾ ಇಲ್ವಾ ಅನ್ನೋದರ ಮೇಲೆ. 5.1 × 6.8 ಮೊಟ್ಟೆಯಾಕಾರದ ಸುತ್ತಳತೆ ಸುಮಾರು 18.8 ಮಿ.ಮೀ. ಹೊರಗೆ 6 ಮಿ.ಮೀ. ಇರುವ ದುಂಡಗಿನ ಶೀತ್‌ನ ಸುತ್ತಳತೆಯೂ 18.8. ಅಂದ್ರೆ ಗೋಡೆ ಮೆತ್ತಗಿದ್ದರೆ ಚಪ್ಪಟೆ ನಾಳ ಶೀತ್ ಸುತ್ತ ದುಂಡಗಾಗಿ ಕೂರುತ್ತೆ, ಒಂದಿಷ್ಟೂ ಹಿಗ್ಗಬೇಕಾಗಿಲ್ಲ. ಗಟ್ಟಿ ಸುಣ್ಣವೇ ಅದನ್ನ ಚಪ್ಪಟೆಯಾಗಿ ಹಿಡಿದಿದ್ದರೆ 5.1 ಅನ್ನೋದು 5.1 ಆಗಿಯೇ ಉಳಿಯುತ್ತೆ. ನಿಮ್ಮ ಚಕ್ಕೆ ಮೂರೂವರೆ ಗಂಟೆ ಅಗಲ, ಅಂದ್ರೆ ಸುಮಾರು 105 ಡಿಗ್ರಿ, ಒಂದೇ ಕಡೆ. ಉಳಿದ 255 ಡಿಗ್ರಿ ಗೋಡೆ ಮೆತ್ತಗಿದೆ. ಎದುರಿನ ಗೋಡೆ ದೂರ ಸರಿದು ಜಾಗ ಕೊಡುತ್ತೆ. ಹಾಗಾಗಿ ಬಲಗಡೆ "ಆಗೋದೇ ಇಲ್ಲ" ಅನ್ನೋ ಜಾತಿಯದಲ್ಲ. 270 ಡಿಗ್ರಿ ಮೀರಿದ ಲಾಳದಾಕಾರದ ಸುಣ್ಣ, ಅಥವಾ ಪೂರ್ತಿ ಬಳೆ ಆಗಿದ್ದರೆ ಈ ಮಾತು ಆಡ್ತಿರಲಿಲ್ಲ. ಅಲ್ಲಿ ಇ-ಶೀತ್ ಹಿಗ್ಗೋಕೆ ಜಾಗವೇ ಇರಲ್ಲ, ಕವಾಟ ಶೀತ್ ಒಳಗೇ ನಿಂತುಬಿಡುತ್ತೆ. ಜೋರಾಗಿ ತಳ್ಳಿದರೆ ಶೀತ್ ಮಡಚಿಕೊಳ್ಳುತ್ತೆ, ಇಲ್ಲಾಂದ್ರೆ ನಾಳ ಸೀಳುತ್ತೆ.

ಆದರೂ ನನ್ನ ಓಟು ಎಡಗಡೆಗೆ. ತಿರುವು ಎಷ್ಟಿದೆ ಹೇಳಿ ಮೊದಲು.

ಗಂಟು_ಹೊಲಿಗೆ (ವ್ಯಾಸ್ಕ್ಯುಲರ್ ಸರ್ಜರಿ) ಉತ್ತರ

ಇಲಿಯಾಕ್ ಬಗ್ಗೆ ಇಷ್ಟೊಂದು ಚರ್ಚೆ ನಡೆದಿದೆ, ಸೂಜಿ ಚುಚ್ಚುವ ಜಾಗದ ಬಗ್ಗೆ "6.4, 6.3" ಎಂದು ಎರಡು ಅಂಕಿ ಬಿಟ್ಟರೆ ಏನೂ ಇಲ್ಲ. ತೊಂದರೆಯ ದೊಡ್ಡ ಪಾಲು ಬರುವುದು ಅಲ್ಲಿಂದಲೇ.

ಸಿ.ಟಿ.ಯಲ್ಲಿ ನಾಲ್ಕು ವಿಷಯ ನೋಡಿ. ಒಂದು, ಫೆಮೊರಲ್ ಎರಡಾಗಿ ಕವಲೊಡೆಯುವ ಜಾಗ ಫೆಮರ್ ತಲೆಯ (ತೊಡೆಮೂಳೆಯ ಗುಂಡು ತುದಿ) ಯಾವ ಮಟ್ಟದಲ್ಲಿದೆ. ಕೆಲವರಲ್ಲಿ ತಲೆಯ ನಡುಮಟ್ಟದಲ್ಲೇ ಒಡೆದಿರುತ್ತದೆ. ಎಲ್ಲರಿಗೂ ಚುಚ್ಚುವ ಹಾಗೆ ಚುಚ್ಚಿದರೆ ಸೂಜಿ ಕೆಳಗಿನ ಕವಲಾದ ಸೂಪರ್‌ಫಿಷಿಯಲ್ ಫೆಮೊರಲ್‌ಗೆ ಹೋಗುತ್ತದೆ. ಅದು ಸಣ್ಣದು, ಹಿಂದೆ ಒತ್ತಿ ಹಿಡಿಯಲು ಮೂಳೆಯ ಆಸರೆಯೂ ಇಲ್ಲ. ಎರಡು, ಮೇಲಿನ ಗಡಿ. ಇನ್‌ಫೀರಿಯರ್ ಎಪಿಗ್ಯಾಸ್ಟ್ರಿಕ್ (ಹೊಟ್ಟೆಯ ಗೋಡೆಗೆ ಹೋಗುವ ಕವಲು ನಾಳ) ಕೆಳಗೆ ಬಾಗಿ ಮತ್ತೆ ಮೇಲೇರುವ ಕೊಕ್ಕೆಯ ತಳವೇ ಗುರುತು. ಅದಕ್ಕಿಂತ ಮೇಲೆ ಚುಚ್ಚಿದರೆ ರಕ್ತ ಹೊಟ್ಟೆಯ ಹಿಂದಕ್ಕೆ ಇಳಿಯುತ್ತದೆ, ಹೊರಗೆ ಊತವೇ ಕಾಣುವುದಿಲ್ಲ. ಮೂರು, ಮುಂದಿನ ಗೋಡೆಯ ಸುಣ್ಣ. ಹಿಂದಿನ ಗೋಡೆಯದು ಎಷ್ಟಿದ್ದರೂ ಸಹಿಸಬಹುದು. ಮುಂದಿನ ಗೋಡೆಯ ಚಕ್ಕೆ ಪರ್‌ಕ್ಲೋಸ್ ಪ್ರೋಗ್ಲೈಡ್‌ನ (ತೂತನ್ನು ದಾರದಿಂದ ಹೊಲಿದು ಮುಚ್ಚುವ ಸಾಧನ) ಸೂಜಿಯನ್ನೇ ತಿರುಗಿಸುತ್ತದೆ. ದಾರ ಹಿಡಿಯಿತು ಎಂದುಕೊಂಡಿರುತ್ತೀರಿ, ಶೀತ್ ತೆಗೆದ ಮೇಲೆ ಗಂಟು ಗಾಳಿಯಲ್ಲಿರುತ್ತದೆ. ನಾಲ್ಕು, ಚರ್ಮದಿಂದ ನಾಳದ ಆಳ. ಈ ರೋಗಿಗೆ ಅದು ಚಿಂತೆಯಲ್ಲ, ಸ್ಥೂಲಕಾಯದವರಲ್ಲಿ ಬರೆದಿಡಲೇಬೇಕು.

ಈ ಎರಡು ಗಡಿಗಳ ನಡುವೆ ಮುಂದಿನ ಗೋಡೆಯಲ್ಲಿ ಸುಣ್ಣವಿಲ್ಲದ ತುಂಡು ಎಷ್ಟು ಉದ್ದ ಸಿಗುತ್ತದೆ? ಅದನ್ನು ಫೆಮರ್ ತಲೆಯ ಮೇಲ್ತುದಿಯಿಂದ ಇಷ್ಟು ಮಿ.ಮೀ. ಕೆಳಗೆ ಎಂದು ಬರೆಯಿರಿ. ಫ್ಲೋರೋದಲ್ಲಿ (ಚಲಿಸುವ ಎಕ್ಸ್‌-ರೇ) ಕಾಣುವುದು ಮೂಳೆಯೇ ಹೊರತು ನಾಳವಲ್ಲ. ಟೇಬಲ್ ಮೇಲೆ ಅಲ್ಟ್ರಾಸೌಂಡ್ ಹಿಡಿದು ಅದೇ ತುಂಡನ್ನು ಹುಡುಕಿ, ಮುಂದಿನ ಗೋಡೆಯ ನಡುಮಧ್ಯಕ್ಕೆ ಮೈಕ್ರೋಪಂಕ್ಚರ್ (ತುಂಬಾ ಸಣ್ಣ) ಸೂಜಿ. ಬದಿಗೆ ಚುಚ್ಚಿದರೆ ಎರಡು ಪ್ರೋಗ್ಲೈಡ್ ಹತ್ತು ಗಂಟೆಗೆ, ಎರಡು ಗಂಟೆಗೆ ತಿರುಗಿಸಿ ಹಾಕಿದರೂ ದಾರ ಸಮನಾಗಿ ಬೀಳುವುದಿಲ್ಲ.

ಬಲಗಡೆಯೇ ಹೋಗುವುದಾದರೆ ಆ 12 ಮಿ.ಮೀ. ಚಕ್ಕೆಗೆ ಮುಂಚೆಯೇ ಇಂಟ್ರಾವ್ಯಾಸ್ಕ್ಯುಲರ್ ಲಿಥೋಟ್ರಿಪ್ಸಿ (ಬಲೂನಿನೊಳಗಿಂದ ಒತ್ತಡದ ಅಲೆ ಬಿಟ್ಟು ಸುಣ್ಣ ಬಿರುಕು ಬಿಡಿಸುವುದು) ಮಾಡಿಕೊಳ್ಳಿ ಎನ್ನುತ್ತೇನೆ. ಬಲೂನ್ 60 ಮಿ.ಮೀ. ಉದ್ದ, ಒಂದೇ ಸಲಕ್ಕೆ ಪೂರ್ತಿ ಚಕ್ಕೆ ಮುಚ್ಚುತ್ತದೆ. ಪಕ್ಕದ ಒಳ್ಳೆಯ ನಾಳಕ್ಕಿಂತ ಶೇ. 10 ದೊಡ್ಡ ಬಲೂನ್, 4 ಅಟ್ಮಾಸ್ಫಿಯರ್‌ಗೆ ಊದಿ 30 ಅಲೆ, ಇಳಿಸಿ ರಕ್ತ ಹರಿಯಲು ಬಿಟ್ಟು ಮತ್ತೆ. ಸುಣ್ಣ ಅಲ್ಲೇ ಇರುತ್ತದೆ, ಬಿರುಕು ಬಿಟ್ಟು ಗೋಡೆ ಬಾಗುವಂತಾಗುತ್ತದೆ ಅಷ್ಟೆ. ಆದ್ದರಿಂದ ಮುಗಿದ ಮೇಲೆ ಆಂಜಿಯೋದಲ್ಲಿ ವ್ಯಾಸ ಅಷ್ಟೇನೂ ಬದಲಾಗಿಲ್ಲವಲ್ಲ ಎಂದು ಗಾಬರಿಯಾಗಬೇಡಿ. ಶೀತ್ ದಾಟುವಾಗ ವ್ಯತ್ಯಾಸ ಕೈಗೇ ತಿಳಿಯುತ್ತದೆ.

ಮತ್ತೊಂದು. ಬಿಡಿಸಿಕೊಳ್ಳುವ ದಾರಿಯನ್ನೂ ಅದೇ ಸಿ.ಟಿ.ಯಲ್ಲಿ ಅಳೆದಿಡಿ. ಇಲಿಯಾಕ್ ಒಡೆದರೆ ಯಾವ ಗಾತ್ರದ ಕವರ್ಡ್ ಸ್ಟೆಂಟ್ (ಸೋರಿಕೆ ಮುಚ್ಚುವ, ಹೊದಿಕೆಯಿರುವ ಸ್ಟೆಂಟ್) ಬೇಕು ಎಂದು ಆಗ ಹುಡುಕಬಾರದು. ಒಳ್ಳೆಯ ಭಾಗದ ವ್ಯಾಸಕ್ಕಿಂತ ಅರ್ಧದಿಂದ 1 ಮಿ.ಮೀ. ದೊಡ್ಡದನ್ನು ಶೆಲ್ಫ್‌ನಲ್ಲಿ ತಯಾರಿಟ್ಟಿರಬೇಕು. ಕಿರಿದಾದ ನಾಳದಲ್ಲಿ ಶೀತ್ ಇರುವವರೆಗೂ ಎಲ್ಲ ಚೆನ್ನಾಗಿರುತ್ತದೆ, ಅದೇ ಒಡೆದ ಜಾಗವನ್ನು ಅಡೆದಿರುತ್ತದೆ. ಹೊರಗೆ ಎಳೆಯುವಾಗ ಬಿಗಿ ಎನಿಸಿದರೆ ನಿಲ್ಲಿಸಿ. ನಾಳವೇ ಶೀತ್ ಜೊತೆ ಕಿತ್ತು ಬರಬಹುದು. ನಿಧಾನವಾಗಿ ಎಳೆಯುತ್ತಾ ಬಿ.ಪಿ. ನೋಡಿ, ಗಟ್ಟಿ ವೈರ್ ಅನ್ನು ಗಂಟು ಬಿಗಿಯಾಯಿತು ಎಂದು ಖಚಿತವಾಗುವವರೆಗೆ ತೆಗೆಯಬೇಡಿ. ಬಿ.ಪಿ. ಬಿದ್ದರೆ ಡೈಲೇಟರ್ (ಶೀತ್ ಒಳಗಿನ ಚೂಪು ತುದಿಯ ಕಡ್ಡಿ) ಸಮೇತ ಶೀತ್ ಮತ್ತೆ ಒಳಗೆ, ಇನ್ನೊಂದು ಕಡೆಯಿಂದ ಬಲೂನ್. ಎರಡನೇ ದಾರಿಯನ್ನು ಕೈಯ ನಾಳದಿಂದ ಇಟ್ಟುಕೊಳ್ಳುವ ರೂಢಿ ಈಗ ಹೆಚ್ಚು. ಒಳ್ಳೆಯದೇ, ಆದರೆ ಕೈಯಿಂದ ಇಲಿಯಾಕ್‌ಗೆ ಕವರ್ಡ್ ಸ್ಟೆಂಟ್ ತಲುಪಿಸುವುದು ಕಷ್ಟ. ಹೀಗೆ ಗಡಿಯಲ್ಲಿರುವ ನಾಳಕ್ಕೆ ಇನ್ನೊಂದು ತೊಡೆಯಿಂದ ದಾಟಿಸಿದ ವೈರ್ ಇದ್ದರೆ ನಿದ್ದೆ ಚೆನ್ನಾಗಿ ಬರುತ್ತದೆ.

ಬಲೂನು_ಕವಾಟ

ಚುಚ್ಚುವ ಜಾಗದ ಮಾತು ನೂರಕ್ಕೆ ನೂರು ಒಪ್ಪಿದೆ. ಲಿಥೋಟ್ರಿಪ್ಸಿ ಮಾತ್ರ ಈ ಚಕ್ಕೆಗೆ ಹೆಚ್ಚಾಯ್ತು. 105 ಡಿಗ್ರಿಗೆ ಆ ಬಲೂನಿನ ದುಡ್ಡು ಸುರಿಯೋ ಬದಲು ಸುಣ್ಣವಿಲ್ಲದ ಎಡಗಡೆ ಹೋಗಬಹುದಲ್ಲ. ಬಲಗಡೆ ಅಂತಲೇ ಆದರೆ ಮೊದಲು ಶೀತ್‌ನ ಡೈಲೇಟರ್ ಒಂದನ್ನೇ ಗಟ್ಟಿ ವೈರ್ ಮೇಲೆ ಕಳಿಸಿ ನೋಡಿ. ಅದು ಸಲೀಸಾಗಿ ಹೋದರೆ ಅರ್ಧ ಉತ್ತರ ಸಿಕ್ಕಂತೆ.

ಗ್ಯಾಂಟ್ರಿ_ಮಲ್ಲೇಶ್ವರ (ಸಿ.ಟಿ. ಟೆಕ್ನಾಲಜಿಸ್ಟ್) ಉತ್ತರ

ಡೈ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಬರೀತೀನಿ.

79 ವರ್ಷ, ಹೆಣ್ಣು, ಕ್ರಿಯಾಟಿನಿನ್ 1.6 ಅಂದ್ರೆ ಇಜಿಎಫ್‌ಆರ್ (ಕಿಡ್ನಿ ಸೋಸುವ ಶಕ್ತಿಯ ಅಂದಾಜು) ಸುಮಾರು 33. "1.6 ತಾನೇ" ಅಂತ ಬಿಡೋ ಹಾಗಿಲ್ಲ, ಕೃಶ ಶರೀರದಲ್ಲಿ ಕ್ರಿಯಾಟಿನಿನ್ ಕಡಿಮೆಯೇ ತೋರಿಸುತ್ತೆ. ಟಾವಿ ದಿನವೂ ಡೈ ಬೀಳುತ್ತೆ, ಆದ್ದರಿಂದ ಈಗ ಉಳಿಸಿದ್ದು ಆಗ ಉಪಯೋಗ. ನಿಮಗೆ 0.75 ಸೀರೀಸ್ ಸಿಕ್ಕಿರೋದರಿಂದ ಮತ್ತೆ ಸಿ.ಟಿ. ಬೇಕಾಗೇ ಇಲ್ಲ. ತೆಳು ಸೀರೀಸ್ ಸಿಗದವರಿಗೆ ಕೆಳಗಿನದು.

ಡೈ ಇಲ್ಲದೆ ಬರೀ ಪ್ಲೇನ್ ಸಿ.ಟಿ. ಮಾಡಿದರೂ ಸುಣ್ಣದ ನಕ್ಷೆ, ತಿರುವು, ನಾಳದ ಹೊರಮೈ ಅಳತೆ, ಫೆಮರ್ ತಲೆಗೆ ಸಂಬಂಧಿಸಿದ ಮಟ್ಟ ಎಲ್ಲ ಸಿಗುತ್ತೆ. ಸಿಗದಿರೋದು ಮೆತ್ತಗಿನ ಪ್ಲಾಕ್ ಮತ್ತು ನಿಜವಾದ ಒಳವ್ಯಾಸ. ಫೆಮೊರಲ್‌ಗೆ ಡಾಪ್ಲರ್ ಸೇರಿಸಿಕೊಳ್ಳಿ. ಇಲಿಯಾಕ್‌ಗೆ ಡಾಪ್ಲರ್ ನೆಚ್ಚಿಕೊಳ್ಳಬೇಡಿ, ಕರುಳಿನ ಗ್ಯಾಸ್ ಅಡ್ಡ ಬರುತ್ತೆ. ಟೇಬಲ್ ಮೇಲೆ ಅನುಮಾನ ಉಳಿದರೆ ಇಂಟ್ರಾವ್ಯಾಸ್ಕ್ಯುಲರ್ ಅಲ್ಟ್ರಾಸೌಂಡ್ ಒಂದು ಹನಿ ಡೈ ಇಲ್ಲದೆ ಒಳಜಾಗ ತೋರಿಸುತ್ತೆ. ಇಲ್ಲಾಂದ್ರೆ ಪಿಗ್‌ಟೇಲ್ (ತುದಿ ಸುರುಳಿಯಾದ ಕ್ಯಾತಿಟರ್) ಅಯೋರ್ಟಾದ ಕೆಳತುದಿಯಲ್ಲಿಟ್ಟು 10–15 ಮಿ.ಲೀ. ಡೈಯನ್ನ ಸಲೈನ್ ಬೆರೆಸಿ ಹೊಡೆದು ಎರಡೂ ಇಲಿಯಾಕ್ ನೋಡಬಹುದು. ಅದು ಒಂದೇ ದಿಕ್ಕಿನ ನೆರಳು. ನಿಮ್ಮ 5.1 × 6.8 ನಾಳ ಮುಂದಿನಿಂದ ನೋಡಿದರೆ 6.8 ಅಂತಲೇ ಕಾಣುತ್ತೆ, ಚಪ್ಪಟೆ ಅಂತ ಗೊತ್ತೇ ಆಗಲ್ಲ!

ಡೈ ಕೊಟ್ಟೇ ಮಾಡಬೇಕು ಅಂದ್ರೆ 48 ಕೆ.ಜಿ.ಗೆ 80 ಕೆ.ವಿ. ಸಾಕು. ಕೆ.ವಿ. ಇಳಿದಷ್ಟೂ ಅಯೋಡಿನ್ ಹೆಚ್ಚು ಬೆಳಗುತ್ತೆ, 30ರಿಂದ 50 ಮಿ.ಲೀ.ನಲ್ಲಿ ಹೃದಯ, ಕಾಲು ಎರಡೂ ಮುಗಿಸಬಹುದು, ಹಿಂದೆ ಸಲೈನ್ ತಳ್ಳಬೇಕು. ಬೆಲೆ ಏನಂದ್ರೆ ಸುಣ್ಣವೂ ಹೆಚ್ಚು ಅರಳುತ್ತೆ, ಮೇಲೆ ಹೇಳಿದ ವಿಂಡೋ ಮರೆಯಬೇಡಿ. ಇ.ಸಿ.ಜಿ. ಗೇಟಿಂಗ್ (ಹೃದಯ ಬಡಿತಕ್ಕೆ ಹೊಂದಿಸಿ ಚಿತ್ರ ತೆಗೆಯೋದು) ಹೃದಯದ ಭಾಗಕ್ಕೆ ಮಾತ್ರ, ಹೊಟ್ಟೆಯಿಂದ ಕೆಳಗೆ ಬೇಡ, ಡೈ ಸಾಲದಾಗುತ್ತೆ.

ಕೆಳಗಡೆ ಸ್ಕ್ಯಾನ್ ಲೆಸ್ಸರ್ ಟ್ರೋಕ್ಯಾಂಟರ್‌ವರೆಗೆ (ತೊಡೆಮೂಳೆಯ ಒಳಬದಿಯ ಉಬ್ಬು) ಬರಲೇಬೇಕು. ಹೊಟ್ಟೆ ಸಿ.ಟಿ. ಅಭ್ಯಾಸದಲ್ಲಿ ಫೆಮರ್ ತಲೆ ಹತ್ತಿರ ನಿಲ್ಲಿಸಿಬಿಡ್ತಾರೆ, ಫೆಮೊರಲ್ ಒಡೆಯುವ ಜಾಗವೇ ಕತ್ತರಿಸಿ ಹೋಗಿರುತ್ತೆ. ಮೇಲೆ ಸಬ್‌ಕ್ಲೇವಿಯನ್ (ಕೊರಳೆಲುಬಿನ ಕೆಳಗಿನ ನಾಳ) ಸೇರಿಸಿ. ಎರಡು ಕಾಲೂ ಕೈಕೊಟ್ಟರೆ ಭುಜದ ದಾರಿ ನೋಡೋಕೆ ಮತ್ತೆ ಕರೆಸಬೇಕಾಗಲ್ಲ, ಚಿಕ್ಕಬಳ್ಳಾಪುರ, ಕೋಲಾರದಿಂದ ಬರೋ ವಯಸ್ಸಾದವರಿಗೆ ಅದೇ ದೊಡ್ಡ ಉಪಕಾರ. ಸೊಂಟದ ಕೀಲು ಬದಲಿಸಿದ್ದರೆ ಮೆಟಲ್ ಆರ್ಟಿಫ್ಯಾಕ್ಟ್ ಕಡಿಮೆ ಮಾಡುವ ರೀಕನ್‌ಸ್ಟ್ರಕ್ಷನ್ ಹಾಕಿ, ಸರಿಯಾಗಿ ಫೆಮೊರಲ್ ಮೇಲೇ ಕಪ್ಪು ಪಟ್ಟೆ ಬೀಳುತ್ತೆ.

ಇನ್ನೊಂದು, ಕರೋನರಿ ಸಿ.ಟಿ. ಅಭ್ಯಾಸದಲ್ಲಿ ನಾಲಿಗೆ ಕೆಳಗೆ ನೈಟ್ರೇಟ್ ಕೊಡಬೇಡಿ. ತೀವ್ರ ಸ್ಟೆನೋಸಿಸ್‌ನಲ್ಲಿ ಬಿ.ಪಿ. ದಿಢೀರ್ ಕುಸಿಯುತ್ತೆ. ಬೀಟಾ ಬ್ಲಾಕರ್ ಕೂಡ ಕಾರ್ಡಿಯಾಲಜಿಯವರನ್ನ ಕೇಳಿಯೇ. ಕಿಡ್ನಿಗೆ ಅಂತ ಸಲೈನ್ ಬಾಟಲಿ ಮೇಲೆ ಬಾಟಲಿ ಏರಿಸೋದೂ ತಪ್ಪು, ನೀರು ಶ್ವಾಸಕೋಶಕ್ಕೆ ಹೋಗುತ್ತೆ.

ಕ್ಯಾಥ್‌ಲ್ಯಾಬ್‌ಕನ್ನಡಿಗ

ಎಡಗಡೆ ಅಳೆದೆ. ಎಕ್ಸ್‌ಟರ್ನಲ್ ಇಲಿಯಾಕ್‌ನಲ್ಲಿ ಒಂದೇ ದೊಡ್ಡ ತಿರುವು, ಸುಮಾರು 100 ಡಿಗ್ರಿ, ತಿರುವಿನಲ್ಲಿ ಸುಣ್ಣ ಇಲ್ಲ. ಫೆಮೊರಲ್ ಫೆಮರ್ ತಲೆಯ ಕೆಳಗೆ ಒಡೆಯುತ್ತೆ, ಮುಂದಿನ ಗೋಡೆ ಪೂರ್ತಿ ಸ್ವಚ್ಛ, 28 ಮಿ.ಮೀ. ಉದ್ದದ ಜಾಗ ಸಿಗುತ್ತೆ. ಬಲಗಡೆ ಆ ಸ್ವಚ್ಛ ತುಂಡು 11 ಮಿ.ಮೀ. ಮಾತ್ರ. ಟೀಮ್ ಎಡಗಡೆ ಕಡೆಗೇ ವಾಲಿದೆ.

ಬಲೂನು_ಕವಾಟ

ಹಾಗಾದ್ರೆ ಎಡಗಡೆಯೇ. ಸುಣ್ಣವಿಲ್ಲದ ತಿರುವು ಗಟ್ಟಿ ವೈರ್ ಹೋದ ಕೂಡಲೇ ನೆಟ್ಟಗಾಗುತ್ತೆ. ಹೆದರಬೇಕಾದದ್ದು ತಿರುವು ಮತ್ತು ಸುಣ್ಣ ಒಂದೇ ಜಾಗದಲ್ಲಿ ಸೇರಿದಾಗ. ಲುಂಡರ್‌ಕ್ವಿಸ್ಟ್ ಅಥವಾ ಆಂಪ್ಲಾಟ್ಜ್ ಸೂಪರ್ ಸ್ಟಿಫ್ ಅನ್ನೋ ಗಟ್ಟಿ ವೈರ್ ತಗೊಳ್ಳಿ. ಅದನ್ನ ನೇರವಾಗಿ ತಳ್ಳಬೇಡಿ, ಮೊದಲು ಮೆತ್ತಗಿನ ವೈರ್ ಮೇಲೆ ಕ್ಯಾತಿಟರ್ ದಾಟಿಸಿ, ಅದರೊಳಗೆ ಬದಲಾಯಿಸಿ. ಶೀತ್ ಒದ್ದೆ ಮಾಡಿ, ಫ್ಲೋರೋ ನೋಡ್ತಾ ಒಂದೇ ಸಮನೆ ತಳ್ಳಿ. ಶೀತ್ ಪೂರ್ತಿ ಒಳಗೆ ಹೋಗುವವರೆಗೂ ಕವಾಟದ ಪ್ಯಾಕೆಟ್ ಬಿಚ್ಚಬೇಡಿ.

ಬೂದುಛಾಯೆ

ಎಡಗಡೆಗೆ ಒಂದು ಎಚ್ಚರಿಕೆ. ಗಟ್ಟಿ ವೈರ್ ನಾಳವನ್ನು ನೆಟ್ಟಗೆ ಮಾಡಿದಾಗ ಹೆಚ್ಚುವರಿ ಉದ್ದ ಎಲ್ಲೋ ಹೋಗಬೇಕಲ್ಲ, ಗೋಡೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಬೀಳುತ್ತದೆ. ಆಗ ಆಂಜಿಯೋ ತೆಗೆದರೆ ಎರಡು ಮೂರು ಕಡೆ ಶೇ. 80–90 ಸ್ಟೆನೋಸಿಸ್ ಕಾಣುತ್ತದೆ, ಡಿಸೆಕ್ಷನ್ (ಗೋಡೆಯ ಪದರ ಸೀಳಿರುವುದು) ಎಂದುಕೊಂಡು ಸ್ಟೆಂಟ್ ಹಾಕುವವರಿದ್ದಾರೆ. ಕ್ಯಾತಿಟರ್ ದಾಟಿಸಿ ಗಟ್ಟಿ ವೈರ್ ಜಾಗಕ್ಕೆ ಮೆತ್ತಗಿನ ವೈರ್ ಇಟ್ಟು, ಎರಡು ನಿಮಿಷ ಕಾದು ಮತ್ತೆ ಚಿತ್ರ ತೆಗೆಯಿರಿ. ಮಡಿಕೆಯಾದರೆ ಮಾಯವಾಗುತ್ತದೆ. ನಾಳದ ಒಳಗಿನ ಹಿಡಿತ ಮಾತ್ರ ಪೂರ್ತಿ ಬಿಡಬೇಡಿ, ನಿಜವಾದ ಡಿಸೆಕ್ಷನ್ ಆಗಿದ್ದರೆ ಅದೇ ದಾರಿಯಲ್ಲಿ ಮತ್ತೆ ಹೋಗಬೇಕಾಗುತ್ತದೆ.